ವಿಶಾಖಪಟ್ಟಣದ ರಾಸ್ ಹಿಲ್ ಚರ್ಚಿಗೆ ಹೋಗುವವರಿಗೆ

ಕಲಬುರಗಿಯಿಂದ ವಿಶಾಖಪಟ್ಟಣಕ್ಕೆ ಹೊರಟಿರುವ ಬಳಗದವರು ಕಡಲತೀರವನ್ನಷ್ಟೇ ನೋಡಿ ಮರಳದೆ, ಬಂದರಿನ ಮಗ್ಗುಲಲ್ಲಿರುವ ರಾಸ್ ಹಿಲ್ ಚರ್ಚಿಗೂ ಅರ್ಧ ದಿನ ಮೀಸಲಿಡಬೇಕೆಂದು ಕೋರುತ್ತೇನೆ. ಕೊನಾರ್ಕ್ ಎಕ್ಸ್‌ಪ್ರೆಸ್ ನಮ್ಮ ನಿಲ್ದಾಣದಿಂದಲೇ ನೇರವಾಗಿ ಅಲ್ಲಿಗೆ ಹೋಗುತ್ತದೆ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ದಾರಿಯ ಊಟದ ಚಿಂತೆಯಿಲ್ಲ.

1864ರಲ್ಲಿ ರಾಸ್ ಎಂಬುವವರು ಕಟ್ಟಿಸಿದ ಮನೆಯೇ ಮುಂದೆ ಮೇರಿ ಮಾತೆಯ ಪ್ರಾರ್ಥನಾಲಯವಾಯಿತು. ಗುಡ್ಡಕ್ಕೂ ಅವರ ಹೆಸರೇ ಉಳಿದಿದೆ. ಗುಡ್ಡವನ್ನು ಬೆಳಿಗ್ಗೆಯೇ ಹತ್ತಿರಿ, ಏಕೆಂದರೆ ನಮ್ಮ ಒಣ ಬಿಸಿಲಿಗೆ ಒಗ್ಗಿದ ಮೈಯನ್ನೂ ಕರಾವಳಿಯ ಬೆವರಿಳಿಸುವ ಸೆಕೆ ಬೇಗನೆ ದಣಿಸುತ್ತದೆ. 1933ರಲ್ಲಿ ಆರಂಭವಾದ ಬಂದರು, ಹಡಗುಗಳು ಒಳಬರುವ ಕಾಲುವೆ, ಅದರಾಚೆಯ ಡಾಲ್ಫಿನ್ಸ್ ನೋಸ್ ಗುಡ್ಡ, ಇವೆಲ್ಲ ಮೇಲಿನಿಂದ ಒಂದೇ ನೋಟಕ್ಕೆ ಸಿಗುತ್ತವೆ. ಪಕ್ಕದ ಗುಡ್ಡಗಳಲ್ಲಿ ಒಂದು ದರ್ಗಾ, ಒಂದು ವೆಂಕಟೇಶ್ವರನ ಗುಡಿ ಇವೆ. ಬಂದೇ ನವಾಜರ ದರ್ಗಾಕ್ಕೂ ಶರಣಬಸವೇಶ್ವರರ ಗುಡಿಗೂ ನಡೆದುಕೊಳ್ಳುವ ನಮ್ಮೂರಿನವರಿಗೆ ಇದು ಹೊಸದೇನಲ್ಲ, ಆದರೂ ಮೂರನ್ನೂ ನೋಡಿಯೇ ಬನ್ನಿ.

ಪ್ರಾರ್ಥನೆಯ ಸಮಯದಲ್ಲಿ ಒಳಗೆ ಮೊಬೈಲ್ ತೆಗೆಯಬೇಡಿ. ನೌಕಾಪಡೆಯ ಪೂರ್ವ ಕಮಾಂಡಿನ ಕೇಂದ್ರಸ್ಥಾನವೂ ಅದೇ ಊರಿನಲ್ಲಿರುವುದರಿಂದ, ಚಿತ್ರ ತೆಗೆಯಬಾರದೆಂಬ ಫಲಕ ಕಂಡಲ್ಲಿ ಕ್ಯಾಮೆರಾ ಚೀಲದಲ್ಲೇ ಇರಲಿ.