ಹ್ಯಾಂಡಿಕ್ಯಾಮ್ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ: ಎಲ್ಲಿ ಸಿಕ್ಕಿಕೊಳ್ಳುತ್ತದೆ, ಹೇಗೆ ಬಿಡಿಸುವುದು

ಕಳೆದ ದಸರಾ ರಜೆಯಲ್ಲಿ ನಮ್ಮ ಭಾವ ಮೂರು ದಿನ ಒಂದು ಕಪ್ಪು ಕೇಬಲ್ ಜೊತೆ ಗುದ್ದಾಡಿದರು. ಮಗಳ ನಾಮಕರಣ, ಊರ ತೇರು, ಅವರ ಅಪ್ಪನ ಅರವತ್ತರ ಶಾಂತಿ ಎಲ್ಲ ಸೇರಿ ಹನ್ನೊಂದು ಮಿನಿ ಡಿವಿ ಕ್ಯಾಸೆಟ್. ಹ್ಯಾಂಡಿಕ್ಯಾಮ್ ಆನ್ ಆಗುತ್ತಿತ್ತು. ಅದರ ಪುಟ್ಟ ಪರದೆಯಲ್ಲಿ ತೇರು ಎಳೆಯುವುದೂ ಕಾಣುತ್ತಿತ್ತು. ಕಂಪ್ಯೂಟರ್ ಮಾತ್ರ ತನಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ ಕೂತಿತ್ತು. “ಕ್ಯಾಮೆರಾ ಕೆಟ್ಟಿದೆ ಕಣೋ, ಗುಜರಿಗೆ ಹಾಕೋದೇ” ಅಂದರು. ಕ್ಯಾಮೆರಾ ಕೆಟ್ಟಿರಲಿಲ್ಲ. ಕೇಬಲ್ಲೇ ತಪ್ಪಾಗಿತ್ತು.

ಇದೇ ತಪ್ಪನ್ನು ಇದಕ್ಕೆ ಮೊದಲೂ ನಾಲ್ಕು ಮನೆಗಳಲ್ಲಿ ನೋಡಿದ್ದೇನೆ. ಎರಡು ಮನೆಯಲ್ಲಿ ಚೆನ್ನಾಗಿದ್ದ ಕ್ಯಾಮೆರಾ ಗುಜರಿಗೆ ಹೋಗಿಯೂ ಆಗಿತ್ತು. ಹಾಗಾಗಿ ಈ ಬರಹ.

ಮೊದಲು ಕ್ಯಾಸೆಟ್ ನೋಡಿ, ಆಮೇಲೆ ಕ್ಯಾಮೆರಾ

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾಗಿದ್ದು, ಮೇಲೆ ‘ಮಿನಿ ಡಿವಿ’ ಎಂದಿದ್ದರೆ ನಿಮ್ಮ ಕೆಲಸ ಅರ್ಧ ಹಗುರ. 1995ರಲ್ಲಿ ಬಂದ ಈ ಬಗೆಯ ಟೇಪಿನಲ್ಲಿ ವಿಡಿಯೊ ಆಗಲೇ ಡಿಜಿಟಲ್ ಆಗಿ ಕೂತಿದೆ. ನಾವು ಅದನ್ನು ಹಾಗೇ ಎತ್ತಿ ಕಂಪ್ಯೂಟರಿಗೆ ಹಾಕಬೇಕು, ಅಷ್ಟೆ. ಹೈ8, ವಿಎಚ್‌ಎಸ್-ಸಿ ಕ್ಯಾಸೆಟ್‌ಗಳು ಅನಲಾಗ್. ಅವುಗಳ ದಾರಿ ಬೇರೆ, ಇಲ್ಲಿ ಬೇಡ.

ಕ್ಯಾಸೆಟ್ಟಿನ ಕಿಟಕಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಸುತ್ತಿದ ಟೇಪಿನ ಅಂಚಿನಲ್ಲಿ ರವೆ ಉದುರಿಸಿದಂತೆ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿ ಕಡೆಯ ಮನೆಗಳಲ್ಲಿ ಇದು ಜಾಸ್ತಿ. ಅಂಥದ್ದನ್ನು ದಯವಿಟ್ಟು ಕ್ಯಾಮೆರಾಗೆ ಹಾಕಬೇಡಿ. ಬೂಷ್ಟು ಕ್ಯಾಮೆರಾದ ಹೆಡ್ಡಿಗೆ, ಅಂದರೆ ಟೇಪ್ ಓದುವ ಭಾಗಕ್ಕೆ, ಹತ್ತಿ, ಅಲ್ಲಿಂದ ಮುಂದಿನ ಒಳ್ಳೆ ಕ್ಯಾಸೆಟ್‌ಗಳಿಗೂ ದಾಟುತ್ತದೆ. ಟೇಪ್ ತೊಳೆದುಕೊಡುವವರು ಸಿಗುವವರೆಗೆ ಅದನ್ನು ಬೇರೆ ಡಬ್ಬಿಯಲ್ಲಿಡಿ.

ಒಳ್ಳೆಯ ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಸಣ್ಣ ಗುಂಡಿಯನ್ನು ‘ಸೇವ್’ ಕಡೆ ಸರಿಸಿ. ಇನ್ನು ಯಾರ ಕೈ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ನಾಮಕರಣದ ಮೇಲೆ ಸೀಲಿಂಗ್ ಫ್ಯಾನ್ ರೆಕಾರ್ಡ್ ಆಗುವುದಿಲ್ಲ. ಆಮೇಲೆ ಒಮ್ಮೆ ಕೊನೆಯವರೆಗೆ ಫಾರ್ವರ್ಡ್ ಮಾಡಿ, ಪೂರ್ತಿ ರಿವೈಂಡ್ ಮಾಡಿ. ವರ್ಷಗಟ್ಟಲೆ ಮಲಗಿದ್ದ ಟೇಪ್ ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಸಡಿಲಾಗಲಿ.

ಕ್ಯಾಮೆರಾವನ್ನು ಬ್ಯಾಟರಿ ಮೇಲೆ ನಂಬಬೇಡಿ. ಚಾರ್ಜರ್ ಹಾಕಿಯೇ ಕೆಲಸ ಮಾಡಿ. ಮೋಡ್ ‘ಪ್ಲೇ’ ಅಥವಾ ‘ವಿಸಿಆರ್’ನಲ್ಲಿರಲಿ, ‘ಕ್ಯಾಮೆರಾ’ದಲ್ಲಲ್ಲ.

ಎರಡು ತೂತುಗಳ ಕಥೆ

ಎಲ್ಲರೂ ಎಡವುವುದು ಇಲ್ಲಿ. ಹ್ಯಾಂಡಿಕ್ಯಾಮ್‌ನ ಪಕ್ಕದ ರಬ್ಬರ್ ಮುಚ್ಚಳ ತೆಗೆದರೆ ಎರಡು ಸಣ್ಣ ತೂತು ಕಾಣುತ್ತವೆ. ಒಂದು ಯುಎಸ್‌ಬಿ. ಇನ್ನೊಂದರ ಪಕ್ಕ ‘ಡಿವಿ’ ಅಂತಲೋ ‘ಐ ಲಿಂಕ್’ ಅಂತಲೋ ಬರೆದಿರುತ್ತದೆ. ನಮಗೆ ಗೊತ್ತಿರುವುದು ಯುಎಸ್‌ಬಿ, ಕೇಬಲ್ಲೂ ಮನೆಯಲ್ಲಿದೆ, ಚುಚ್ಚುತ್ತೇವೆ. ಕೆಲವೇ ಕೆಲವು ಮಾದರಿ ಬಿಟ್ಟರೆ ಈ ಯುಎಸ್‌ಬಿ ಇರುವುದು ಮೆಮೊರಿ ಕಾರ್ಡಿನಲ್ಲಿ ತೆಗೆದ ಫೋಟೊಗಳಿಗೆ. ಟೇಪಿನಲ್ಲಿರುವುದು ಅದರಲ್ಲಿ ಬರುವುದಿಲ್ಲ. ಬಂದರೂ ಅಂಗೈಯಗಲದ, ಎಡವುತ್ತ ಓಡುವ ಚಿತ್ರ. ಅದನ್ನೇ ನಿಜವೆಂದು ನಂಬಿ ಮದುವೆಯ ಎಂಟು ಕ್ಯಾಸೆಟ್ ಹಾಗೇ ಇಳಿಸಿಕೊಂಡವರನ್ನೂ ಬಲ್ಲೆ.

ನಿಮಗೆ ಬೇಕಾದ್ದು ‘ಡಿವಿ’ ತೂತು. ಇದು ಫೈರ್‌ವೈರ್. ಕಂಪ್ಯೂಟರಿನ ಲೋಕದಲ್ಲಿ ಇದಕ್ಕೆ 1394 ಎಂಬ ನಂಬರಿನ ಹೆಸರೂ ಇದೆ. ಕ್ಯಾಮೆರಾ ಕಡೆ 4 ಪಿನ್ನಿನ ಪುಟ್ಟ ತುದಿ. ಡೆಸ್ಕ್‌ಟಾಪ್ ಕಡೆ ಸಾಮಾನ್ಯವಾಗಿ 6 ಪಿನ್ನಿನ ದೊಡ್ಡ ತುದಿ. ಹಳೆ ಲ್ಯಾಪ್‌ಟಾಪ್‌ಗಳಿಗಾದರೆ ಸಾಮಾನ್ಯವಾಗಿ ಕೇಬಲ್ಲಿನ ಎರಡೂ ತುದಿ 4 ಪಿನ್. ಕೇಬಲ್ ಕೊಳ್ಳುವ ಮೊದಲು ಎರಡೂ ತೂತಿನ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ, ಅಂಗಡಿಯವರ ಜೊತೆ ಅರ್ಧ ಗಂಟೆ ವಾದ ಉಳಿಯುತ್ತದೆ.

ಈಗ ಒಂದು ಎಚ್ಚರಿಕೆ. ಒಂದು ತುದಿ ಫೈರ್‌ವೈರ್, ಇನ್ನೊಂದು ತುದಿ ಯುಎಸ್‌ಬಿ ಇರುವ ಕೇಬಲ್ ಇನ್ನೂರು ಮುನ್ನೂರು ರೂಪಾಯಿಗೆ ಆನ್‌ಲೈನಿನಲ್ಲಿ ಧಾರಾಳವಾಗಿ ಸಿಗುತ್ತದೆ. ಮಿನಿ ಡಿವಿಗೆ ಅದು ಕೆಲಸ ಮಾಡುವುದಿಲ್ಲ. ಮಾಡಲು ಸಾಧ್ಯವೂ ಇಲ್ಲ. ಫೈರ್‌ವೈರ್ ಮತ್ತು ಯುಎಸ್‌ಬಿ ಮಾತಾಡುವ ಭಾಷೆಯೇ ಬೇರೆ, ಬರೀ ತಂತಿ ಜೋಡಿಸಿದರೆ ಅನುವಾದ ಆಗುವುದಿಲ್ಲ. ಭಾವನ ಮೂರು ದಿನ ನುಂಗಿದ ಕಪ್ಪು ಕೇಬಲ್ ಇದೇ. ಕ್ಯಾಮೆರಾದ ಕಡೆ ಸರಿಯಾದ ತೂತಿಗೇ ಹೋಗಿತ್ತು. ಇನ್ನೊಂದು ತುದಿ ಲ್ಯಾಪ್‌ಟಾಪಿನ ಯುಎಸ್‌ಬಿಯಲ್ಲಿ ಸುಮ್ನೆ ಸಿಕ್ಕಿಕೊಂಡಿತ್ತು.

ಹಾಗಾದರೆ ಫೈರ್‌ವೈರ್ ಇರುವ ಕಂಪ್ಯೂಟರ್ ಎಲ್ಲಿಂದ ತರುವುದು? ಡೆಸ್ಕ್‌ಟಾಪ್ ಇದ್ದರೆ ಅದರ ಡಬ್ಬಿಯೊಳಗೆ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್ ಹಾಕಿಸಿ. ಬೆಂಗಳೂರಿನವರಿಗೆ ಕಂಪ್ಯೂಟರ್ ಬಿಡಿಭಾಗಗಳ ಎಸ್‌ಪಿ ರೋಡ್ ಇದ್ದೇ ಇದೆ. ಕಾರ್ಡಿನ ಮೇಲಿನ ಚಿಪ್ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ದಾಗಿದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ನನ್ನ ಮಟ್ಟಿಗೆ ಇದಕ್ಕಿಂತ ಸುಲಭದ ದಾರಿ ಇನ್ನೊಂದಿದೆ. 2005ರಿಂದ 2010ರ ನಡುವಿನ ಹಳೆ ಲ್ಯಾಪ್‌ಟಾಪ್ ಯಾರ ಮನೆಯ ಅಟ್ಟದಲ್ಲಿದೆ ವಿಚಾರಿಸಿ. ಅಂಥ ಎಷ್ಟೋ ಲ್ಯಾಪ್‌ಟಾಪ್‌ಗಳ ಪಕ್ಕದಲ್ಲಿ ‘1394’ ಎಂದು ಬರೆದ ತೂತಿರುತ್ತದೆ. ವಿಂಡೋಸ್ ಎಕ್ಸ್‌ಪಿಯೋ 7ಓ ಇದ್ದರೆ ಇನ್ನೂ ಒಳ್ಳೆಯದು. ನೆಟ್ ಕನೆಕ್ಷನ್ ಕೊಡಬೇಡಿ, ಈ ಕೆಲಸಕ್ಕೆ ಬೇಕೂ ಇಲ್ಲ. ಮ್ಯಾಕ್ ಇದ್ದವರು ಅಡಾಪ್ಟರ್‌ಗಳ ಸರಪಳಿ ಕಟ್ಟಿ ಇಷ್ಟು ದಿನ ಕೆಲಸ ತೆಗೆಯುತ್ತಿದ್ದರು. 2025ರ ಮ್ಯಾಕ್‌ಓಎಸ್ ಟಾಹೋ ಫೈರ್‌ವೈರನ್ನೇ ಕೈಬಿಟ್ಟಿದೆ. ಅದಕ್ಕೆ ಅಪ್‌ಡೇಟ್ ಮಾಡುವ ಮೊದಲೇ ಕ್ಯಾಸೆಟ್ ಕೆಲಸ ಮುಗಿಸಿಕೊಳ್ಳಿ.

ಕೇಬಲ್ ಹಾಕುವಾಗ ಕ್ಯಾಮೆರಾ ಆಫ್ ಇರಲಿ. 6 ಪಿನ್ನಿನ ತುದಿಯಲ್ಲಿ ಕರೆಂಟ್ ಇರುತ್ತದೆ. ಅದರ ಒಂದು ಕಡೆ ಚೂಪು, ಇನ್ನೊಂದು ಕಡೆ ಚಪ್ಪಟೆ. ಟೇಬಲ್ಲಿನಡಿ ಬಗ್ಗಿ, ಕಣ್ಣಿಗೆ ಕಾಣದೆ, ಬಲ ಹಾಕಿ ತಲೆಕೆಳಗಾಗಿ ತುರುಕಿದರೆ ಕ್ಯಾಮೆರಾದ ಡಿವಿ ಭಾಗ ಅಲ್ಲೇ ಸುಟ್ಟುಹೋಗಬಹುದು. ಸಿಪಿಯು ಡಬ್ಬಿಯನ್ನು ಹೊರಗೆ ಎಳೆದುಕೊಂಡು, ಬೆಳಕಿನಲ್ಲಿ, ತೂತು ನೋಡಿಕೊಂಡು ಹಾಕಿ. ಮೊದಲು ಕಂಪ್ಯೂಟರ್ ಕಡೆ, ಆಮೇಲೆ ಕ್ಯಾಮೆರಾ ಕಡೆ, ಕೊನೆಗೆ ಕ್ಯಾಮೆರಾ ಆನ್.

ಆದರೂ ಕ್ಯಾಮೆರಾ ಕಾಣದಿದ್ದರೆ

ವಿಂಡೋಸ್ 8ರಿಂದೀಚೆಗಿನ ಕಂಪ್ಯೂಟರ್ ಆದರೆ ಡ್ರೈವರ್ ಮೇಲೆ, ಅಂದರೆ ಕಾರ್ಡು, ಕ್ಯಾಮೆರಾಗಳ ಜೊತೆ ವಿಂಡೋಸ್ ಮಾತಾಡಲು ಬೇಕಾದ ಪುಟ್ಟ ಪ್ರೋಗ್ರಾಂ ಮೇಲೆ, ಅನುಮಾನ ಪಡಿ. ಹಳೆ ಕ್ಯಾಮೆರಾಗಳಿಗೆ ಒಗ್ಗುವ ‘ಲೆಗಸಿ’ ಡ್ರೈವರನ್ನು ಮೈಕ್ರೋಸಾಫ್ಟ್ ಆ ಹೊತ್ತಿಗೆ ವಿಂಡೋಸ್‌ನಿಂದ ತೆಗೆದುಹಾಕಿ, ಬೇಕಾದವರು ಬೇರೆಯಾಗಿ ಇಳಿಸಿಕೊಳ್ಳಲಿ ಅಂತ ಬಿಟ್ಟಿತು. ಅದನ್ನು ಮೈಕ್ರೋಸಾಫ್ಟ್‌ನದೇ ತಾಣದಿಂದ ಇಳಿಸಿ, ಇನ್‌ಸ್ಟಾಲ್ ಮಾಡಿ. ಜನ ಇಲ್ಲಿಗೆ ನಿಲ್ಲಿಸಿ ಬಿಡುತ್ತಾರೆ. ಇನ್‌ಸ್ಟಾಲ್ ಮಾಡಿದರೆ ಸಾಲದು, ಅದನ್ನೇ ಬಳಸು ಅಂತ ಕೈಯಾರೆ ಹೇಳಬೇಕು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು 1394 ಹೋಸ್ಟ್ ಕಂಟ್ರೋಲರ್ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ. ‘ಅಪ್‌ಡೇಟ್ ಡ್ರೈವರ್’, ಆಮೇಲೆ ‘ಬ್ರೌಸ್ ಮೈ ಕಂಪ್ಯೂಟರ್’, ಆಮೇಲೆ ‘ಲೆಟ್ ಮಿ ಪಿಕ್’. ಬರುವ ಪಟ್ಟಿಯಲ್ಲಿ ಹೆಸರಿನ ಕೊನೆಗೆ ‘ಲೆಗಸಿ’ ಎಂದಿರುವುದನ್ನು ಆರಿಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಈಗ ಕ್ಯಾಮೆರಾ ಆನ್ ಮಾಡಿದರೆ ಅದರ ಹೆಸರಿನ ಹೊಸ ಸಾಲು ಮೂಡಬೇಕು.

1394 ಸಾಲೇ ಇಲ್ಲದಿದ್ದರೆ ಕಾರ್ಡ್ ಸರಿಯಾಗಿ ಕೂತಿಲ್ಲ. ಸಾಲಿದ್ದೂ ಕ್ಯಾಮೆರಾ ಇಲ್ಲದಿದ್ದರೆ ಕೇಬಲ್ ಬದಲಿಸಿ ನೋಡಿ. 4 ಪಿನ್ನಿನ ತುದಿ ಬಲು ನಾಜೂಕು, ಒಂದು ಪಿನ್ ಕೂದಲೆಳೆಯಷ್ಟು ಬಾಗಿದ್ದರೂ ಸಾಕು.

ಇಳಿಸುವುದು

ನಾನು ಬಳಸುವುದು ವಿನ್‌ಡಿವಿ ಎಂಬ ಪುಟ್ಟ, ಉಚಿತ ಪ್ರೋಗ್ರಾಂ. ನೋಡಲು ಬಡಪಾಯಿ. ಆದರೆ ಟೇಪಿನಲ್ಲಿದ್ದದ್ದನ್ನು ಒಂದಕ್ಷರ ಮುಟ್ಟದೆ ಎವಿಐ ಫೈಲ್ ಮಾಡಿಕೊಡುತ್ತದೆ. ಶೂಟಿಂಗ್ ನಿಲ್ಲಿಸಿ ಮತ್ತೆ ಶುರು ಮಾಡಿದಲ್ಲೆಲ್ಲ ಬೇರೆ ಫೈಲ್ ಮಾಡಿ, ಟೇಪಿನಲ್ಲಿ ದಾಖಲಾದ ತಾರೀಖು, ಸಮಯವನ್ನು ಫೈಲಿನ ಹೆಸರಿಗೇ ಸೇರಿಸುತ್ತದೆ. ಹಳೆ ವಿಂಡೋಸ್‌ನ ಮೂವಿ ಮೇಕರ್ ಬಳಸುವವರು ‘ಡಿವಿ-ಎವಿಐ’ ಆಯ್ಕೆಯನ್ನೇ ಒತ್ತಿ. ಇಲ್ಲದಿದ್ದರೆ ಅದು ಕುಗ್ಗಿಸಿಬಿಡುತ್ತದೆ. ಇಳಿಸುವಾಗಲೇ ಎಂಪಿ4 ಮಾಡಿಕೊಡುತ್ತೇವೆ ಅನ್ನುವ ಪ್ರೋಗ್ರಾಂಗಳ ಸಹವಾಸ ಬೇಡ. ಮೊದಲು ಮೂಲ ಕೈಗೆ ಬರಲಿ.

ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು, ಸುಮಾರು 13 ಜಿಬಿ ಜಾಗವೂ ಬೇಕು. ಫೈಲನ್ನು ಎಫ್‌ಎಟಿ32 ಫಾರ್ಮ್ಯಾಟಿನ ಡಿಸ್ಕಿಗೆ ಹಾಕಬೇಡಿ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. “ಇಪ್ಪತ್ತು ನಿಮಿಷ ಆಗುತ್ತಿದ್ದ ಹಾಗೆ ಪ್ರತಿ ಸಲ ನಿಂತುಹೋಗುತ್ತೆ” ಅಂತ ಗೋಳಾಡುವವರ ಕಥೆ ಇದೇ. ಡಿಸ್ಕಿನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಇರಲಿ.

ವಿನ್‌ಡಿವಿಯ ಕೆಳಗೆ ಕಳೆದುಹೋದ ಫ್ರೇಮುಗಳ ಲೆಕ್ಕ ಓಡುತ್ತಿರುತ್ತದೆ. ಅದು ಸೊನ್ನೆಯಲ್ಲೇ ಇರಬೇಕು. ಏರತೊಡಗಿದರೆ ಆಂಟಿವೈರಸ್ ನಿಲ್ಲಿಸಿ, ಬ್ರೌಸರ್ ಮುಚ್ಚಿ, ಕಂಪ್ಯೂಟರ್ ನಿದ್ದೆ ಹೋಗದ ಹಾಗೆ ಸೆಟ್ಟಿಂಗ್ ಬದಲಿಸಿ, ಪೆನ್‌ಡ್ರೈವ್ ಬಿಟ್ಟು ಒಳಗಿನ ಡಿಸ್ಕಿಗೇ ಇಳಿಸಿ.

ಚಿತ್ರ ಕೆಟ್ಟು ಬಂದರೆ

ಪರದೆ ತುಂಬ ಚೌಕ ಚೌಕ ಎದ್ದು, ಮಾತು ಕಡಿಕಡಿದು ಬಂದರೆ ಹೆಡ್ ಕೊಳೆಯಾಗಿದೆ. ಮಿನಿ ಡಿವಿಯ ಒಣ ಕ್ಲೀನಿಂಗ್ ಕ್ಯಾಸೆಟ್ ಹಾಕಿ ಹತ್ತು ಸೆಕೆಂಡ್ ಓಡಿಸಿ, ನಿಲ್ಲಿಸಿ. ಹತ್ತೇ ಸೆಕೆಂಡ್. ಅದು ಉಜ್ಜುವ ಟೇಪು, ಪೂರ್ತಿ ಓಡಿಸಿದರೆ ಹೆಡ್ಡೇ ಸವೆಯುತ್ತದೆ. ಹತ್ತಿಗೆ ಸೆಂಟ್ ಹಾಕಿ ಒರೆಸಿದವರೂ ಇದ್ದಾರೆ, ಕೇಳಬೇಡಿ.

ಒಂದು ಕ್ಯಾಸೆಟ್ ಚೆನ್ನಾಗಿ ಬಂದು ಇನ್ನೊಂದು ಮಾತ್ರ ಚೌಕವಾದರೆ, ಅದನ್ನು ‘ಎಲ್‌ಪಿ’ಯಲ್ಲಿ ರೆಕಾರ್ಡ್ ಮಾಡಿರಬಹುದು. 60 ನಿಮಿಷದ ಕ್ಯಾಸೆಟ್ಟಿನಲ್ಲಿ 90 ನಿಮಿಷ ತುಂಬಿಸುವ ಮೋಡ್ ಅದು. ಶೂಟ್ ಮಾಡಿದ ಕ್ಯಾಮೆರಾದಲ್ಲೇ ಅದು ಸರಿಯಾಗಿ ಓಡುವ ಸಾಧ್ಯತೆ ಹೆಚ್ಚು. ಇನ್ನು ಅಮೆರಿಕದ ಅಣ್ಣನೋ ಅಕ್ಕನೋ ಕೊಟ್ಟುಹೋದ ಕ್ಯಾಸೆಟ್ ಇದ್ದರೆ ಅದು ಎನ್‌ಟಿಎಸ್‌ಸಿ, ಅಂದರೆ ಅಲ್ಲಿಯ ಟಿವಿ ಪದ್ಧತಿಯದು. ಇಲ್ಲಿ ಕೊಂಡ ಕ್ಯಾಮೆರಾ ನಮ್ಮ ಪದ್ಧತಿಯಾದ ಪಾಲ್. ಅದಕ್ಕೂ ಸಾಮಾನ್ಯವಾಗಿ ಅಲ್ಲಿಯ ಕ್ಯಾಮೆರಾನೇ ಬೇಕು.

ಮಳೆಗಾಲದಲ್ಲಿ ಕ್ಯಾಮೆರಾ ‘ತೇವ’ ಎಂಬ ಎಚ್ಚರಿಕೆ ತೋರಿಸಿ ಹಟ ಹಿಡಿದರೆ ಕ್ಯಾಸೆಟ್ ತೆಗೆದು, ಬಾಗಿಲು ತೆರೆದಿಟ್ಟು, ಒಂದು ಗಂಟೆ ಬಿಡಿ. ಹೇರ್ ಡ್ರೈಯರ್ ಬೇಡ.

ಕಂಪ್ಯೂಟರಿನಲ್ಲಿ ನೋಡುವಾಗ ಓಡಾಡುವವರ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತೆ ಗೆರೆ ಕಂಡರೆ ಗಾಬರಿ ಬೇಡ, ಏನೂ ಕೆಟ್ಟಿಲ್ಲ. ಹಳೆ ಟಿವಿಗೆಂದು ಗೆರೆ ಬಿಟ್ಟು ಗೆರೆ ತುಂಬಿದ ಚಿತ್ರ ಅದು. ವಿಡಿಯೊ ನೋಡುವ ಉಚಿತ ಪ್ರೋಗ್ರಾಂ ವಿಎಲ್‌ಸಿಯಲ್ಲಿ ‘ಡಿಇಂಟರ್‌ಲೇಸ್’ ಆನ್ ಮಾಡಿದರೆ ಹೋಗುತ್ತದೆ. ವಾಟ್ಸಾಪಿಗೆ ಹಂಚಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ಪ್ರೋಗ್ರಾಂನಲ್ಲಿ ಎಂಪಿ4 ನಕಲು ಮಾಡಿ, ಮೂಲ ಎವಿಐ ಅಳಿಸಬೇಡಿ. ಎರಡು ಡಿಸ್ಕಿನಲ್ಲಿ, ಎರಡು ಮನೆಯಲ್ಲಿ ಇಡಿ.

ಎಲ್ಲ ಮುಗಿದ ಮೇಲೆ ಕ್ಯಾಮೆರಾ ಯಾರದ್ದಾದರೂ ಆಗಿದ್ದರೆ ಹಿಂದಿರುಗಿಸುವ ಮೊದಲು ಬಾಗಿಲು ತೆರೆದು ನೋಡಿ. ಇಷ್ಟೆಲ್ಲ ಹೇಳಿಕೊಟ್ಟ ನಾನೇ ಭಾವನ ಹನ್ನೊಂದನೇ ಕ್ಯಾಸೆಟ್ಟನ್ನು ಸ್ನೇಹಿತನ ಕ್ಯಾಮೆರಾದೊಳಗೆ ಬಿಟ್ಟು ದಾವಣಗೆರೆಗೆ ಕಳಿಸಿಬಿಟ್ಟಿದ್ದೆ. ವಾಪಸ್ ಬರಲು ಎರಡು ವಾರ ಬೇಕಾಯಿತು. ಅಷ್ಟು ದಿನವೂ ಅಕ್ಕ ಫೋನ್ ಮಾಡಿದಾಗೆಲ್ಲ ಮೊದಲು ಕೇಳುತ್ತಿದ್ದದ್ದು ನನ್ನ ಆರೋಗ್ಯವನ್ನಲ್ಲ.