ಚಿಮಣಿ ಎಣ್ಣೆಯ ಲೆಕ್ಕದಿಂದ ಮುನಸಿಪಾಲಿಟಿ ಹಾಳೆಗಳ ವರ್ಷ ಹಿಡಿದದ್ದು

ವರ್ಷ ಕಾಣದ ಹಳೆಯ ಮುನಸಿಪಾಲಿಟಿ ಹಾಳೆಗೆ ಅದರ ವರ್ಷ ಹುಡುಕಿ ಕೊಡಬಹುದು ಅಂತ ನಾನು ಹೇಳಿದಾಗ ನಮ್ಮ ಬಳಗದಲ್ಲಿ ಯಾರೂ ನಂಬಲಿಲ್ಲ. ಈಗ ಒಂದು ಇಡೀ ಕಟ್ಟಿಗೆ ವರ್ಷ ಕೂಡಿಸಿ ತೋರಿಸಿದ್ದೇನೆ. ಬೇರೆ ಊರಿನ ದಫ್ತರದಲ್ಲಿ (ಹಳೆಯ ಕಾಗದಪತ್ರದಲ್ಲಿ) ಕೈಯಾಡಿಸುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮೂರು ಆಗ ಮುಂಬೈ ಇಲಾಖೆಯ ಧಾರವಾಡ ಜಿಲ್ಲೆ, 1997ರಿಂದ ಗದಗ ಜಿಲ್ಲೆ. ಮಂಗಳವಾರ ಸಂತೆ. 1901ರ ಮುಂಬೈ ಜಿಲ್ಲಾ ಮುನಸಿಪಲ್ ಕಾಯ್ದೆಯ ಕೆಳಗೆ ನಡೆದ ಸಣ್ಣ ಮುನಸಿಪಾಲಿಟಿ. ದಫ್ತರದ ಕೋಣೆ ತೆರೆದುಕೊಟ್ಟವರಿಗೆ ಕೊಟ್ಟ ಮಾತಿನಂತೆ ಊರ ಹೆಸರು ಹಾಕುವುದಿಲ್ಲ. ಬಸ್ತಾ (ಕಾಗದದ ಬಟ್ಟೆಗಂಟು) ಬಿಚ್ಚುವುದು, ಫೋಟೊ ತೆಗೆಯುವುದು, ರೂಪಾಯಿ-ಆಣೆ-ಪೈ ಕೂಡುವುದು ನಿಮಗೆಲ್ಲ ಗೊತ್ತಿದ್ದದ್ದೇ, ಅದನ್ನೂ ಬಿಡುತ್ತೇನೆ.

ಬಹಳ ಮಂದಿ ಠರಾವು ಪುಸ್ತಕ ಓದಿ ಮುಗಿಸುತ್ತಾರೆ. ಅದರಲ್ಲಿ ಮೆಂಬರರು ಏನು ಮಾಡಬೇಕು ಅಂದುಕೊಂಡರು ಅನ್ನುವುದಷ್ಟೇ ಇರುತ್ತದೆ. ಎಷ್ಟೋ ಪುಟಗಳಲ್ಲಿ ‘ಕೋರಂ ಆಗದ್ದರಿಂದ ಸಭೆ ಮುಂದಕ್ಕೆ ಹಾಕಿದೆ’ ಅನ್ನುವ ಒಂದೇ ಸಾಲು. ದಿನದಿನದ ಕಾರಭಾರ ಬೇಕಾದರೆ ಬಿಡಿ ಹಾಳೆಗಳಿಗೇ ಹೋಗಬೇಕು. ಜಕಾತಿ ನಾಕೆಯ (ಊರೊಳಗೆ ಬರುವ ಸರಕಿನ ಸುಂಕದ ಕಟ್ಟೆಯ) ವಸೂಲಿ, ಕೊಂಡವಾಡಕ್ಕೆ (ಬೀಡಾಡಿ ದನದ ದೊಡ್ಡಿಗೆ) ಹೊಡೆದ ದನದ ದಂಡ, ಕಸದ ಗಾಡಿ ಎಳೆಯುವ ಎತ್ತಿಗೆ ಹಿಂಡಿ, ಕಾಲರಾ ಬಂದಾಗ ಬಾವಿಗೆ ಸುರಿದ ಕೆಂಪು ಔಷಧ, ಕೆರೆ ದಂಡೆಯ ಹುಣಸೆ ಹಣ್ಣಿನ ಲಿಲಾವು, ಒಡೆದ ಕಂದೀಲಿನ ಗಾಜು ಎಲ್ಲವೂ ಅಲ್ಲಿವೆ. ಆದರೆ ಕಾರಕೂನ (ಗುಮಾಸ್ತ) ಹಾಳೆಯ ಮೇಲೆ ಬರೆದಿರುವುದು ತಿಂಗಳ ಹೆಸರು ಮಾತ್ರ. ವರ್ಷ ಇದ್ದದ್ದು ಕಟ್ಟಿನ ಮೇಲಿನ ರಟ್ಟಿನಲ್ಲಿ, ಆ ರಟ್ಟನ್ನು ಗೆದ್ದಲು ತಿಂದಿದೆ. ವರ್ಷ ಗೊತ್ತಿಲ್ಲದಿದ್ದರೆ ಜಕಾತಿ ಏರಿತೋ ಇಳಿಯಿತೋ, ಔಷಧ ಸುರಿದದ್ದು ಯಾವ ಬೇನೆಗೋ ಏನೂ ಹೇಳಲಿಕ್ಕಾಗದು.

ಇದಕ್ಕೆ ಮೊದಲು ಸೋತ ದಾರಿಗಳು ಬಹಳ. ಕಾಗದದ ನೀರುಗುರುತು ನೋಡಿದೆವು. ಒಂದೇ ಗುರುತಿನ ಕಾಗದ ವರ್ಷಗಟ್ಟಲೆ ಕಪಾಟಿನಲ್ಲಿ ಕೂತು ಖರ್ಚಾಗಿರುತ್ತದೆ, ಅದರಿಂದ ಏನೂ ಸಿಗಲಿಲ್ಲ. ಮಾಸಿದ ಮಸಿಗೆ ಅಂತ ನೇರಳೆ ಬೆಳಕಿನ ಬ್ಯಾಟರಿ ತರಿಸಿದೆ, ಸುಮಾರು 900 ರೂಪಾಯಿ. ಅಕ್ಷರ ಚೆನ್ನಾಗಿ ಎದ್ದವು, ವರ್ಷ ಏಳಲಿಲ್ಲ, ಯಾಕೆಂದರೆ ಬರೆದೇ ಇರಲಿಲ್ಲ. ಕೈಬರಹ ಹೋಲಿಸಿ ನೋಡಿದೆವು, ಒಬ್ಬನೇ ಕಾರಕೂನ ಇಪ್ಪತ್ತು ವರ್ಷದ ಮೇಲೆ ಬರೆದಿದ್ದಾನೆ. ಮೋಡಿಯಲ್ಲಿ, ಅಂದರೆ ಮರಾಠಿಯ ಹಳೆಯ ಓಟದ ಲಿಪಿಯಲ್ಲಿ ಇದ್ದ ಒಂದಿಷ್ಟು ಹಾಳೆಗಳನ್ನು ಬೆಳಗಾವಿ ಕಡೆಯ ಓದುಗರೊಬ್ಬರಿಗೆ ಕೊಟ್ಟೆ. ಪುಟಕ್ಕೆ 150ರಂತೆ ಹೋಗಿ ಹತ್ತು-ಹನ್ನೆರಡು ಸಾವಿರ ಆಯಿತು. ಅವರು ಓದಿದ್ದು ಅಚ್ಚುಕಟ್ಟು, ಆದರೆ ಅದು ನಾಕೆಯ ಬಾಡಿಗೆಯ ತಂಟೆ, ವರ್ಷಕ್ಕೆ ಸಂಬಂಧವೇ ಇರಲಿಲ್ಲ. ಎಲ್ಲ ಸೇರಿ ಮೂವತ್ತು ಸಾವಿರದ ಆಸುಪಾಸು ಕೈಬಿಟ್ಟಿದೆ. ಕೊನೆಗೆ ಕೆಲಸ ಕೊಟ್ಟ ದಾರಿಗೆ ಹತ್ತಿದ್ದು ಒಂದು ನೋಟ್‌ಬುಕ್ ಮತ್ತು ಮೊಬೈಲಿನ ಪಂಚಾಂಗ.

ದಿವಾಬತ್ತಿಯ, ಅಂದರೆ ಬೀದಿ ದೀಪದ ಹಾಳೆ ಗಮನಿಸಿ. ದಿನಕ್ಕೆ ಎಷ್ಟು ಚಿಮಣಿ ಎಣ್ಣೆ (ಸೀಮೆಎಣ್ಣೆ) ಕೊಟ್ಟರು ಅನ್ನುವ ಲೆಕ್ಕ ಅದು. ಒಂದು ಡಬ್ಬಿ ಅಂದರೆ 4 ಗ್ಯಾಲನ್, ಅಂದರೆ 18 ಲೀಟರಿನಷ್ಟು. ತಿಂಗಳಿಗೊಮ್ಮೆ ಎಂಟು-ಒಂಬತ್ತು ದಿನ ಎಣ್ಣೆಯ ಕಲಮಿನಲ್ಲಿ ಅಡ್ಡಗೆರೆ. ಬೆಳದಿಂಗಳಿದ್ದಾಗ ಕಂದೀಲು ಹಚ್ಚುತ್ತಿರಲಿಲ್ಲ, ಆ ಕಾಲಕ್ಕೆ ಸಣ್ಣ ಊರುಗಳಲ್ಲಿ ಇದು ರೂಢಿ. ಚಂದ್ರನ ತಿಥಿ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಹಾಗಾಗಿ ಜಾನೆವಾರಿಯ ಯಾವ ತಾರೀಖುಗಳಲ್ಲಿ ಎಣ್ಣೆ ನಿಂತಿದೆ ಅಂತ ಗೊತ್ತಾದರೆ ವರ್ಷ ಹತ್ತಿರ ಬರುತ್ತದೆ. ಅದೇ ತಾರೀಖಿಗೆ ಅದೇ ತಿಥಿ ಮರಳುವುದು 19 ವರ್ಷಕ್ಕೊಮ್ಮೆ.

ಇದನ್ನು ಮೊದಲು ಕೇಳಿದ ನಿವೃತ್ತ ಪ್ರಾಧ್ಯಾಪಕರೊಬ್ಬರು, “ತಮ್ಮಾ, ಹುಣ್ಣಿಮಿ ಅಂತ ಎಣ್ಣಿ ಉಳಸೋರು ಯಾರಿದ್ರಪಾ? ದೀಪ ಹಚ್ಚಾವ ಅದನ್ನ ಮನಿಗೆ ಒಯ್ದಿರ್ತಾನ” ಅಂದರು. “ಒಯ್ದಿದ್ರೂ ಉಗ್ರಾಣದಿಂದ ಕೊಟ್ಟ ದಿನಾ ಬದಲಾಗೂದಿಲ್ರಿ ಸರ್, ನನಗ ಅಷ್ಟ ಸಾಕು” ಅಂದೆ. ಅವರು ಒಪ್ಪಲಿಲ್ಲ.

ಅಡ್ಡಗೆರೆಯಷ್ಟರಿಂದಲೇ ಕೆಲಸ ಆಗದು, ಅದೂ ನಿಜ. 8 ವರ್ಷಕ್ಕೂ 11 ವರ್ಷಕ್ಕೂ ತಿಥಿ ಒಂದೂವರೆ ದಿನದ ಅಂತರದಲ್ಲಿ ಮತ್ತೆ ಬಂದು ಕೂರುತ್ತದೆ. ಸವೆದ ಹಾಳೆಯಲ್ಲಿ ಆ ಅಂತರ ಹಿಡಿಯುವುದು ಕಷ್ಟ. ಅದಕ್ಕೆ ಎರಡನೇ ಸಾಕ್ಷಿ ಸಂತೆ. ಸಂತೆ ಕರದ ಜಮಾ ಏಳು ದಿನಕ್ಕೊಮ್ಮೆ ಬೀಳುತ್ತದೆ, ನಮ್ಮಲ್ಲಿ ಮಂಗಳವಾರ. ತಾರೀಖಿಗೆ ವಾರ ಸಿಕ್ಕಿತು. 8 ವರ್ಷದ ಜೋಡಿಯಲ್ಲಿ ವಾರ ಹೊಂದುವುದಿಲ್ಲ, 19ರಲ್ಲೂ ಹೊಂದುವುದಿಲ್ಲ. ಉಳಿಯುವುದು 11. ನಡುವೆ ಮೂರು ಅಧಿಕ ವರ್ಷ ಬಂದರೆ 11 ವರ್ಷದ ನಂತರ ವಾರವೂ ಅದೇ, ತಿಥಿಯೂ ಹೆಚ್ಚುಕಡಿಮೆ ಅದೇ. ನನ್ನ ಕಟ್ಟು ಸಿಕ್ಕಿಬಿದ್ದದ್ದು ಸರಿಯಾಗಿ ಇಲ್ಲೇ.

ಜಾನೆವಾರಿ ಹಾಳೆಯಲ್ಲಿ ಸಂತೆ ಜಮಾ 5, 12, 19, 26ಕ್ಕೆ. ಎಣ್ಣೆ ನಿಂತದ್ದು 22ರಿಂದ 30. ಸುತ್ತಲಿನ ವರ್ಷಗಳಲ್ಲಿ ಇದಕ್ಕೆ ಹೊಂದುವುದು ಎರಡೇ, 1926 ಮತ್ತು 1937. ಜೊತೆಗಿದ್ದ ಗೆಳೆಯ ಗೆರೆಗಳ ನಟ್ಟನಡುವಿನ ದಿನ 26 ತೆಗೆದು, 1937ರಲ್ಲಿ ಹುಣ್ಣಿಮೆ ಜನವರಿ 26ಕ್ಕೇ ಇದೆ, ಮುಗೀತು ಅಂದ. ಯಾರಿಗಾದರೂ ಹಾಗೇ ಅನಿಸುತ್ತದೆ. ನನಗೆ ಒಪ್ಪಿಗೆಯಾಗಲಿಲ್ಲ. ಎಷ್ಟೋ ಸಂಜೆ ಅಂಗಳದಲ್ಲಿ ಕೂತು ಚಂದ್ರ ನೋಡಿದ ಮೇಲೆ ಗಂಟು ಬಿಚ್ಚಿತು. ಶುಕ್ಲ ಪಕ್ಷದ ಅಷ್ಟಮಿಯ ಚಂದ್ರ ಸಂಜೆಗೇ ನೆತ್ತಿಯ ಮೇಲೆ ಇರುತ್ತಾನೆ, ಮುಳುಗುವುದು ನಡುರಾತ್ರಿಯ ಹೊತ್ತಿಗೆ. ನಮ್ಮೂರಲ್ಲಿ ಕಂದೀಲು ಉರಿಯುತ್ತಿದ್ದದ್ದೂ ಅಷ್ಟೇ ಹೊತ್ತು. ಹುಣ್ಣಿಮೆ ದಾಟಿದ ಮೇಲೆ ಚಂದ್ರ ದಿನಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ತಡ ಮಾಡುತ್ತಾನೆ. ಬಿದಿಗೆ-ತದಿಗೆ ಹೊತ್ತಿಗೆ ಸಂಜೆ ಕತ್ತಲೆ, ಮತ್ತೆ ಎಣ್ಣೆ ಬೇಕು. ಅಂದಮೇಲೆ ಗೆರೆಗಳು ಹುಣ್ಣಿಮೆಯ ಹಿಂದೆ ಆರೇಳು ದಿನ, ಮುಂದೆ ಎರಡೇ ದಿನ. ಹುಣ್ಣಿಮೆ ಕೂರಬೇಕಾದದ್ದು 28ರ ರಾತ್ರಿ. 1926ರ ಹುಣ್ಣಿಮೆ ಬಂದದ್ದು ಆ ರಾತ್ರಿಯೇ.

ಗೆಳೆಯನಿಗೆ ಇದು ಸಾಲಲಿಲ್ಲ. ಎರಡು ದಿನದ ಮೇಲೆ ಹನ್ನೊಂದು ವರ್ಷ ನಿಲ್ಲಿಸಬೇಡ ಅಂದ. ಮೂರನೇ ಸಾಕ್ಷಿ ಅದೇ ಕಟ್ಟಿನ ಜುಲೈ ಹಾಳೆಯಲ್ಲಿತ್ತು: ‘ಮೊಹರಂ ನಿಮಿತ್ತ ಹೆಚ್ಚಿನ ಕಂದೀಲು’, ತಿಂಗಳ ಕೊನೆಯ ಮೂರು ದಿನ. ಮೊಹರಂಗೆ ಅಧಿಕ ಮಾಸ ಇಲ್ಲ, ಅದು ಇಡೀ ವರ್ಷ ಸುತ್ತುತ್ತದೆ. 11 ವರ್ಷಕ್ಕೆ ನಾಲ್ಕು ತಿಂಗಳಷ್ಟು ಹಿಂದೆ ಹೋಗಿಬಿಡುತ್ತದೆ. 1925ರಲ್ಲಿ ಮೊಹರಂ ಹತ್ತನೇ ದಿನ ಬಂದದ್ದು ಜುಲೈ ಕೊನೆಗೆ, 1936ರಲ್ಲಿ ಏಪ್ರಿಲ್ ಆರಂಭಕ್ಕೆ. ಕಟ್ಟು 1925-26ರದ್ದೇ. ಊರ ಹಬ್ಬಕ್ಕೆ ಮುನಸಿಪಾಲಿಟಿ ದೀಪ ಕೊಡುತ್ತಿದ್ದದ್ದು ನಮಗೆ ಹೀಗೆ ಕೆಲಸಕ್ಕೆ ಬಂತು.

ಮಳೆಗಾಲದ ಹಾಳೆಗಳಲ್ಲಿ ಮಾತ್ರ ಕೈ ಸುಟ್ಟುಕೊಳ್ಳಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ ಮುಚ್ಚಿದರೆ ಬೆಳದಿಂಗಳ ದಿನವೂ ದೀಪ ಹಚ್ಚಿದ್ದಾರೆ, ಅಡ್ಡಗೆರೆ ಒಡೆದೊಡೆದು ಬರುತ್ತದೆ. ಆ ನಾಲ್ಕು ತಿಂಗಳಿಂದ ಹಬ್ಬದ ಹೆಚ್ಚಿನ ಎಣ್ಣೆ ಮಾತ್ರ ತೆಗೆದುಕೊಳ್ಳಿ. ನವೆಂಬರಿನಿಂದ ಮಾರ್ಚ್ ತನಕದ ಹಾಳೆಗಳು ಬಂಗಾರ.

ಇದೇ ಉಪಾಯ ಬೇರೆ ಲೆಕ್ಕಕ್ಕೆ ನಡೆಯುತ್ತದೋ ಅಂತ ಕೊಂಡವಾಡದ ದಂಡದ ಮೇಲೂ ನೋಡಿದೆ. ದನ ತಪ್ಪಿಸಿಕೊಂಡು ಹೊಲಕ್ಕೆ ನುಗ್ಗುವುದು ಪೈರಿನ ಮೇಲೆ ಹೋಗುತ್ತದೆ, ಚಂದ್ರನ ಮೇಲಲ್ಲ. ಜೋಳ ಎದ್ದ ತಿಂಗಳು ದಂಡ ಏರುತ್ತದೆ, ಅಷ್ಟೇ ಸಿಕ್ಕಿತು. ಜಕಾತಿ ಹಾಳೆಯಲ್ಲಿ ಇನ್ನೂ ರುಚಿಯಾದದ್ದಿದೆ. ನಮ್ಮ ಪೂರ್ವಕ್ಕೆ ನಿಜಾಮರ ಸೀಮೆ, ಅಲ್ಲಿಂದ ಬರುವ ಗಾಡಿಯವರು ಹಾಲಿ ಸಿಕ್ಕಾ, ಅಂದರೆ ನಿಜಾಮರ ರೂಪಾಯಿ ಕೊಡುತ್ತಿದ್ದರು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ (ಬ್ರಿಟಿಷ್ ರೂಪಾಯಿ) ಅನ್ನುವ ಸರಕಾರಿ ಲೆಕ್ಕ ಇದ್ದರೂ ನಾಕೆಯವನು ಬಟ್ಟಾ (ನಾಣ್ಯ ಬದಲಿಸುವ ದರ) ಬೇರೆಯೇ ಹಿಡಿದಿದ್ದಾನೆ. ಅದು ತಿಂಗಳಿಂದ ತಿಂಗಳಿಗೆ ಯಾಕೆ ಏರಿಳಿಯಿತು ಅನ್ನುವುದರ ಮೇಲೆ ಈಗ ಕೂತಿದ್ದೇನೆ, ಶೇಂಗಾ ಮತ್ತು ಹತ್ತಿಯ ಸುಗ್ಗಿಗೆ ಸಂಬಂಧ ಕಾಣುತ್ತಿದೆ.

ಪ್ರಾಧ್ಯಾಪಕರ ಬಾಯಿ ಕಟ್ಟಿದ್ದು ಒಂದು ತಪಾಸಣೆ ಕಾಗದ. ಬೇರೆಯೇ ಬಸ್ತಾದಲ್ಲಿ ಲೆಕ್ಕ ತಪಾಸಣೆಯವರ ಆಕ್ಷೇಪಣೆ ಸಿಕ್ಕಿತು, ತಾರೀಖು-ಇಸವಿ ಎಲ್ಲ ಇತ್ತು. 1925-26ರಲ್ಲಿ ದಿವಾಬತ್ತಿ ಖರ್ಚು ಬಜೆಟ್ಟಿಗಿಂತ ಹೆಚ್ಚಾಯಿತು, ಕಾರಣ ಕೊಡಿ ಅಂತ ಕೇಳಿ, ತಿಂಗಳವಾರು ಡಬ್ಬಿಗಳ ಸಂಖ್ಯೆ ಬರೆದಿದ್ದರು. ನನ್ನ ಹಾಳೆಗಳನ್ನು ಕೂಡಿದೆ. ಡಬ್ಬಿಗೆ ಡಬ್ಬಿ ಸರಿ ಬಂತು. ಅವರ ಮನೆಗೇ ಒಯ್ದು ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡೆರಡು ಸಲ ಕೂಡಿ ನೋಡಿ, “ಖರೇ ಅದ ತಮ್ಮಾ, ಇನ್ನುಳಿದ ಕಟ್ಟು ಯಾವಾಗ ಹಿಡೀತಿ?” ಅಂದರು. ನನಗೆ ಅದು ದೊಡ್ಡ ಸನ್ಮಾನ.

ಅಂಟಿಕೊಂಡ ಹಾಳೆ ಬಿಡಿಸುವ ಉಪಾಯ ಬಹಳ ಮಂದಿ ಕೇಳುತ್ತಾರೆ. ಅದನ್ನು ಕಲಿಸಿದವರು ಬಾಯಿಬಿಡಬೇಡ ಅಂದಿದ್ದಾರೆ, ಹಾಳೆ ತಂದರೆ ಎದುರಿಗೆ ಬಿಡಿಸಿ ಕೊಡುತ್ತೇನೆ. ಅಷ್ಟಮಿಯ ಅಡ್ಡಗೆರೆ ಪೂರ್ತಿ ಸವೆದು ಹೋದಾಗ ಕಾರಕೂನನ ಟಿಕ್ ಗುರುತಿನಿಂದ ಅದನ್ನು ಹಿಡಿಯುವ ಬಗೆಯೂ ಒಂದಿದೆ, ಇನ್ನೆರಡು ಕಟ್ಟಿನ ಮೇಲೆ ನೋಡದೆ ಬರೆಯುವುದಿಲ್ಲ.

ಶಿರಹಟ್ಟಿ ಆಗ ಸಾಂಗಲಿ ಸಂಸ್ಥಾನ, ಲಕ್ಷ್ಮೇಶ್ವರ ಮಿರಜ ಸಂಸ್ಥಾನ. ಆ ಕಡೆಯ ಹಳೆಯ ದಿವಾಬತ್ತಿ ಹಾಳೆ ಯಾರ ಹತ್ತಿರವಾದರೂ ಇದ್ದರೆ ಸಂತೆಯ ವಾರ ಮೊದಲು ಗುರುತು ಹಾಕಿಕೊಳ್ಳಿ, ಆಮೇಲೆ ಎಣ್ಣೆ ನೋಡಿ. ನಿಜಾಮರ ಕಡೆಯವರು ಫಸಲಿ (ನಿಜಾಮರ ಕಂದಾಯ ಪಂಚಾಂಗದ) ತಿಂಗಳನ್ನು ಇಂಗ್ಲಿಷ್ ತಿಂಗಳಿಗೆ ತಿರುಗಿಸಿಕೊಂಡೇ ಶುರುಮಾಡಬೇಕು, ಇಲ್ಲವಾದರೆ ಗೆರೆಗಳು ಯಾವ ವರ್ಷಕ್ಕೂ ಕೂರುವುದಿಲ್ಲ.