ಚುಚ್ಚಿದ್ದೋ, ತಿಂದದ್ದೋ: ಮೀನಿನ ವಿಷದೊಡನೆ ನನ್ನ ಅನುಭವ

ಮಲ್ಪೆ ಬಂದರಿಗೆ ಹತ್ತಿರದ ಒಂದು ಸಣ್ಣ ಚಿಕಿತ್ಸಾಲಯದಲ್ಲಿ ನಾನು ಹಲವು ವರ್ಷಗಳಿಂದ ವೈದ್ಯನಾಗಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದ ಮೇಲೆ, ಬಲೆಯಿಂದ ಮೀನು ಬಿಡಿಸುವಾಗ ಮುಳ್ಳು ಚುಚ್ಚಿಸಿಕೊಂಡವರು ಆಗಾಗ ಬರುತ್ತಲೇ ಇರುತ್ತಾರೆ. ಮೀನು ತಿಂದು ವಿಷವೇರಿಸಿಕೊಂಡು ಬರುವವರು ತೀರಾ ಅಪರೂಪ. ಆದರೆ ಇಬ್ಬರೂ ಬಾಗಿಲಲ್ಲಿ ನಿಂತು ಹೇಳುವ ಮಾತು ಒಂದೇ: "ಮೀನಿನ ವಿಷ ಆಗಿದೆ, ಡಾಕ್ಟ್ರೇ." ಆ ಒಂದು ಮಾತಿನೊಳಗೆ ಎರಡು ಬೇರೆ ಸಂಗತಿಗಳಿವೆ ಎಂಬುದನ್ನು ನಾನು ಓದುವಾಗಲೇ ತಿಳಿದಿದ್ದರೂ, ಅದು ಮನಸ್ಸಿಗೆ ನಾಟಿದ್ದು ಇಬ್ಬರು ರೋಗಿಗಳಿಂದ.

ಮೊದಲನೆಯವನು ಇಪ್ಪತ್ತರ ಆಸುಪಾಸಿನ ಹುಡುಗ. ಶೇಡೆ (ಕಡಲ ಕ್ಯಾಟ್‌ಫಿಶ್) ಮೀನಿನ ಮುಳ್ಳು ಅವನ ಹೆಬ್ಬೆರಳಿನ ಬುಡಕ್ಕೆ ಇಳಿದಿತ್ತು. ಗಾಯ ನೋಡಲು ಸಾಸಿವೆ ಕಾಳಿನಷ್ಟಿದ್ದರೂ ನೋವು ಮೊಣಕೈಯನ್ನು ದಾಟಿ ಮೇಲೇರುತ್ತಿತ್ತು, ಅವನು ಕುಳಿತಲ್ಲಿ ಕುಳಿತಿರಲಾರದೆ ಕೈಯನ್ನು ಎದೆಗೊತ್ತಿಕೊಂಡು ಅತ್ತಿತ್ತ ನಡೆಯುತ್ತಿದ್ದ. ನಾನು ಗಾಯ ತೊಳೆದೆ, ನೋವಿನ ಚುಚ್ಚುಮದ್ದು ಕೊಟ್ಟೆ, ಧನುರ್ವಾಯುವಿನ ಲಸಿಕೆಯನ್ನೂ ಹಾಕಿದೆ. ಅರ್ಧ ಗಂಟೆಯಾದರೂ ಅವನ ನರಳಾಟ ಇಳಿಯಲಿಲ್ಲ. ಆಗ, ರಕ್ತದೊತ್ತಡ ತೋರಿಸಲು ಬಂದು ಹೊರಗೆ ಕುಳಿತಿದ್ದ ಮೀನು ಮಾರುವ ಹಿರಿಯ ತಾಯಿಯೊಬ್ಬರು ಒಳಗಿಣುಕಿ, "ಬಿಸಿ ನೀರಲ್ಲಿ ಕೈ ಇಡಿಸಿದ್ರಾ, ಡಾಕ್ಟ್ರೇ?" ಎಂದು ಕೇಳಿದರು. ಇಡಿಸಿರಲಿಲ್ಲ. ಇಡಿಸಬೇಕಿತ್ತೆಂದು ನನಗೆ ಗೊತ್ತಿತ್ತು, ಆದರೆ ಆ ಹೊತ್ತಿಗೆ ನೆನಪಾಗಿರಲಿಲ್ಲ. ಸುಮಾರು 45 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಿರುವ ನೀರಿನಲ್ಲಿ ಅವನ ಕೈಯನ್ನು ಮಣಿಕಟ್ಟಿನವರೆಗೆ ಮುಳುಗಿಸಿದ ಕೆಲವೇ ನಿಮಿಷಗಳಲ್ಲಿ ಅವನ ಹುಬ್ಬಿನ ಗಂಟು ಸಡಿಲವಾಯಿತು. ಕೈಯನ್ನು ಹೊರತೆಗೆಸಿದರೆ ನೋವು ಮರಳುತ್ತಿತ್ತು, ಮತ್ತೆ ಮುಳುಗಿಸಿದರೆ ಇಳಿಯುತ್ತಿತ್ತು. ಒಂದೂಕಾಲು ಗಂಟೆ ಹೀಗೆ ಕಳೆದ ಮೇಲೆ ಅವನು ನೆಮ್ಮದಿಯಿಂದ ಉಸಿರಾಡಿದ.

ಶೇಡೆಯ ಬೆನ್ನಿನ ಮೇಲೊಂದು, ಎರಡೂ ಪಕ್ಕದ ಈಜುರೆಕ್ಕೆಗಳಲ್ಲಿ ಒಂದೊಂದು, ಹೀಗೆ ಮೂರು ಗಡುಸಾದ ಮುಳ್ಳುಗಳಿರುತ್ತವೆ. ಮೀನು ಬೆದರಿದಾಗ ಅವು ಸೆಟೆದು ನಿಂತು ಬೀಗ ಹಾಕಿದಂತೆ ಬಿಗಿದುಕೊಳ್ಳುತ್ತವೆ, ಅಂಚಿನಲ್ಲಿ ಹಿಮ್ಮುಖವಾದ ಗರಗಸದ ಹಲ್ಲುಗಳಿರುವುದರಿಂದ ಹೊರಬರುವಾಗಲೂ ಮಾಂಸವನ್ನು ಹರಿಯುತ್ತವೆ. ವಿಷವಿರುವುದು ಮುಳ್ಳನ್ನು ಹೊದೆದ ತೆಳುವಾದ ಚರ್ಮದ ಜೀವಕೋಶಗಳಲ್ಲಿ. ಮುಳ್ಳು ಒಳಹೊಕ್ಕಾಗ ಆ ಚರ್ಮ ಹರಿದು ವಿಷ ಗಾಯಕ್ಕೆ ಸೇರುತ್ತದೆ. ತೊರಕೆ ಮೀನಿನ (ಸ್ಟಿಂಗ್‌ರೇ) ಬಾಲದ ಮುಳ್ಳು, ಸಿಂಹಮೀನು, ಕಲ್ಲುಮೀನು, ನಮ್ಮ ಕೆರೆಗಳ ಚೇಳುಮೀನು ಇವೆಲ್ಲ ಇದೇ ಬಳಗದವು. ಇವುಗಳ ವಿಷದ ಮುಖ್ಯ ಅಂಶ ಪ್ರೋಟೀನು, ಆದ್ದರಿಂದಲೇ ಅದು ಶಾಖಕ್ಕೆ ಬೇಗ ಕೆಡುತ್ತದೆ. ನೋವನ್ನು ಸಾಗಿಸುವ ನರಗಳ ಮೇಲೆ ಬಿಸಿ ಮಾಡುವ ಪರಿಣಾಮವೂ ಉಪಶಮನಕ್ಕೆ ನೆರವಾಗುತ್ತದೆ. ಸತ್ತು ಮಂಜುಗಡ್ಡೆಯಲ್ಲಿರುವ ಶೇಡೆಯ ಮುಳ್ಳೂ ಚುಚ್ಚಿ ವಿಷವೇರಿಸಬಲ್ಲುದು, ಮೀನು ಕೊಯ್ಯುವ ಹೆಂಗಸರಿಗೆ ಇದನ್ನು ನಾನು ಪ್ರತಿ ಸಲವೂ ಹೇಳುತ್ತೇನೆ. ಅದೇ ಮೀನಿನ ಗಸಿಯನ್ನು ಮಾತ್ರ ನಿಶ್ಚಿಂತೆಯಿಂದ ಉಣ್ಣಬಹುದು. ಕೈಗೆ ಚುಚ್ಚಿದ ಮೀನನ್ನು ಮನೆಗೊಯ್ದರೆ ಮಕ್ಕಳಿಗೆ ಅಪಾಯವೇ ಎಂದು ಆ ಹುಡುಗ ಹೊರಡುವಾಗ ಕೇಳಿದ್ದನು. ಮುಳ್ಳು ತೆಗೆದು ಬೇಯಿಸಿದರೆ ಏನೂ ಆಗದು ಎಂದೆ.

ಎರಡನೆಯ ರೋಗಿ ಬಂದದ್ದು ಕೆಲವು ವರ್ಷಗಳ ಬಳಿಕ. ಕೊಪ್ಪಳದ ಕಡೆಯಿಂದ ಬೋಟಿನ ಕೆಲಸಕ್ಕೆ ಬಂದವನು, ಕಡಲ ಮೀನುಗಳ ಪರಿಚಯ ಇನ್ನೂ ಸಾಲದು. ಬಲೆಗೆ ಬಿದ್ದು, ಮಾರಾಟಕ್ಕಿಲ್ಲವೆಂದು ಬದಿಗೆಸೆದಿದ್ದ, ಹೊಟ್ಟೆಯನ್ನು ಚೆಂಡಿನಂತೆ ಊದಿಸಿಕೊಳ್ಳುವ ಪಫರ್ ಮೀನನ್ನು ಅವನು ಸಾರು ಮಾಡಿ ತಿಂದಿದ್ದ. "ತುಟಿ ಜುಮುಜುಮು ಅಂತಾವ್ರಿ ಸರ, ನಾಲಿಗಿ ನಂದಲ್ಲ ಅನಸ್ತೈತಿ" ಎಂದನು. ಮೈಮೇಲೆ ಗಾಯವಿಲ್ಲ, ಊತವಿಲ್ಲ, ನೋವೂ ಇಲ್ಲ. ನನ್ನ ಕೈಯನ್ನು ಹಿಸುಕಿ ತೋರಿಸು ಎಂದಾಗ ಹಿಡಿತ ಸಡಿಲವಾಗಿತ್ತು. ಜೊತೆಗೆ ಬಂದ ಗೆಳೆಯ ಮತ್ತೆ ಮತ್ತೆ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಚೆಂದಂಗ ಕುದಿಸಿದ್ವಿ ಸರ, ಅರ್ಧ ತಾಸು ಕುದಿಸಿದ್ವಿ."

ಎಷ್ಟು ಕುದಿಸಿದ್ದರೂ ಪ್ರಯೋಜನವಿರಲಿಲ್ಲ. ಆ ಮೀನಿನಲ್ಲಿರುವ ಟೆಟ್ರೋಡೋಟಾಕ್ಸಿನ್ ಪ್ರೋಟೀನಲ್ಲ, ಅಡುಗೆಯ ಶಾಖಕ್ಕೆ ಅಳಿಯದ ಒಂದು ಸಣ್ಣ ಅಣು. ಅದು ಬ್ಯಾಕ್ಟೀರಿಯಾಗಳಲ್ಲಿ ಹುಟ್ಟಿ, ಆಹಾರದ ಮೂಲಕ ಮೀನಿನ ಯಕೃತ್ತು, ತತ್ತಿಯ ಚೀಲ, ಕರುಳು ಮತ್ತು ಚರ್ಮದಲ್ಲಿ ಶೇಖರವಾಗುತ್ತದೆ. ತಿಂದವರ ನರಗಳಲ್ಲಿ ಸೋಡಿಯಂ ಹಾದುಹೋಗುವ ದ್ವಾರಗಳನ್ನು ಮುಚ್ಚಿ, ಸ್ನಾಯುಗಳಿಗೆ ಸಂದೇಶ ತಲುಪದಂತೆ ಮಾಡುತ್ತದೆ. ಈ ಮೀನಿಗೆ ಚುಚ್ಚುವ ಸಾಧನವೇ ಇಲ್ಲ, ಕೈಯಲ್ಲಿ ಹಿಡಿದರೆ ಏನೂ ಆಗದು. 1774ರ ಸೆಪ್ಟೆಂಬರ್‌ನಲ್ಲಿ ನ್ಯೂ ಕ್ಯಾಲಿಡೋನಿಯಾದಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ಇಂಥದೇ ಮೀನಿನ ಯಕೃತ್ತು ಮತ್ತು ತತ್ತಿಯನ್ನು ರುಚಿ ನೋಡಿ, ನೀರು ತುಂಬಿದ ಪಾತ್ರೆಗೂ ಹಕ್ಕಿಯ ಗರಿಗೂ ಕೈಯಲ್ಲಿ ಭಾರದ ವ್ಯತ್ಯಾಸ ತಿಳಿಯದಾಯಿತೆಂದು ಬರೆದಿಟ್ಟಿದ್ದಾರೆ. ನನ್ನ ರೋಗಿಯ ಸಡಿಲವಾದ ಹಿಡಿತ ನನಗೆ ಅದನ್ನೇ ನೆನಪಿಸಿತು.

ಇದಕ್ಕೆ ಪ್ರತಿವಿಷವಿಲ್ಲ. ಉಸಿರಾಟದ ಸ್ನಾಯುಗಳು ಸೋತರೆ, ವಿಷ ದೇಹದಿಂದ ಹೊರಹೋಗುವವರೆಗೆ ಯಂತ್ರದಿಂದ ಉಸಿರಾಡಿಸುವುದೊಂದೇ ದಾರಿ. ಆ ಸೌಲಭ್ಯ ನನ್ನಲ್ಲಿರಲಿಲ್ಲವಾದ್ದರಿಂದ ಆಂಬುಲೆನ್ಸ್ ತರಿಸಿ ಅವನೊಡನೆ ನಾನೇ ದೊಡ್ಡ ಆಸ್ಪತ್ರೆಗೆ ಹೊರಟೆ. ದಾರಿಯಲ್ಲಿ ಅವನ ಮಾತು ನಿಂತಿತು, ರೆಪ್ಪೆಗಳು ಜೋತುಬಿದ್ದವು. ಆದರೂ ಈ ವಿಷದಲ್ಲಿ ಪ್ರಜ್ಞೆ ಉಳಿದಿರಬಹುದೆಂಬುದನ್ನು ನಾನು ಮರೆಯಲಿಲ್ಲ. ಏನು ಮಾಡುತ್ತಿದ್ದೇವೆ, ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಅವನ ಕಿವಿಯ ಬಳಿ ಹೇಳುತ್ತಲೇ ಹೋದೆ. ಮೂರನೆಯ ದಿನ ನೋಡಲು ಹೋದಾಗ ಅವನು ಮೊದಲು ಹೇಳಿದ್ದು, "ನೀವು ಮಾತಾಡಿದ್ದೆಲ್ಲಾ ಕೇಳಸ್ತಿತ್ರಿ ಸರ" ಎಂದು.

ಕನ್ನಡದಲ್ಲಿ ನಾವು ಚೇಳಿಗೂ ಕಾಸರಕದ ಕಾಯಿಗೂ 'ವಿಷ' ಎಂಬ ಒಂದೇ ಪದವನ್ನು ಬಳಸಿದರೂ, ಚೇಳು ಕುಟುಕುತ್ತದೆ, ಕಾಸರಕವನ್ನು ತಿನ್ನಬಾರದು ಎಂಬುದು ಮಕ್ಕಳಿಗೂ ಗೊತ್ತು. ಮೀನಿನ ವಿಷಯದಲ್ಲಿ ಈ ತಿಳಿವಳಿಕೆ ಮಸುಕಾಗುವುದಕ್ಕೆ ಕಾರಣ, ನಾವು ಮುಟ್ಟುವ ಮೀನನ್ನೇ ತಿನ್ನುತ್ತೇವೆ. ಇವೆರಡಕ್ಕೂ ಸೇರದ ಬಾಧೆಯೂ ಒಂದಿದೆ. ಸರಿಯಾಗಿ ಮಂಜುಗಡ್ಡೆಯಲ್ಲಿಡದ ಬಂಗುಡೆ, ಕೇದರದಂಥ ಮೀನುಗಳಲ್ಲಿ ಬ್ಯಾಕ್ಟೀರಿಯಾಗಳಿಂದ ಹಿಸ್ಟಮಿನ್ ಎಂಬ ರಾಸಾಯನಿಕ ಹೆಚ್ಚಿ, ತಿಂದವರ ಮುಖ ಕೆಂಪೇರಿ ತಲೆ ಸಿಡಿಯುತ್ತದೆ. ಆ ಮೀನಿನಲ್ಲಿ ಹುಟ್ಟಿನಿಂದ ಬಂದ ದೋಷವೇನೂ ಇಲ್ಲ, ತಪ್ಪು ನಾವು ಅದನ್ನು ಇಟ್ಟುಕೊಂಡ ಬಗೆಯಲ್ಲಿದೆ.

ಈಗ ಯಾರಾದರೂ ಮೀನಿನ ವಿಷವೆಂದು ಬಂದರೆ ನಾನು ಕೇಳುವ ಮೊದಲ ಪ್ರಶ್ನೆ, "ಚುಚ್ಚಿದ್ದೋ, ತಿಂದದ್ದೋ?" ಚುಚ್ಚಿದ್ದಾದರೆ ನೀರು ಕಾಯಿಸಲು ಹೇಳಿ, ಅದರ ಬಿಸಿಯನ್ನು ಥರ್ಮಾಮೀಟರಿನಿಂದ ನೋಡಿ, ರೋಗಿಯ ಗಾಯವಿಲ್ಲದ ಕೈಯನ್ನು ಮೊದಲು ಅದ್ದಿಸುತ್ತೇನೆ. ಗಾಯವಾದ ಕೈಗೆ ಸುಡುವುದು ತಿಳಿಯದೆ ಬೊಬ್ಬೆಯೇಳಬಹುದು. ಮುಳ್ಳಿನ ಚೂರು ಒಳಗುಳಿದಿರುವ ಸಂಶಯವಿದ್ದರೆ ಎಕ್ಸ್-ರೇ ತೆಗೆಸುತ್ತೇನೆ, ಕಡಲ ನೀರಿನ ಗಾಯವನ್ನು ಬಿಗಿಯಾಗಿ ಹೊಲಿಯುವುದಿಲ್ಲ. ತೊರಕೆಯ ಮುಳ್ಳು ಎದೆಗೋ ಹೊಟ್ಟೆಗೋ ನಾಟಿದ್ದರೆ ಅದನ್ನು ಕೀಳಗೊಡದೆ ಹಾಗೆಯೇ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ. ತಿಂದದ್ದಾದರೆ, ತುಟಿ ಜುಮುಗುಟ್ಟುತ್ತಿದೆಯೇ ಎಂದು ಕೇಳುವಾಗಲೇ ಇನ್ನೊಂದು ಕೈಯಲ್ಲಿ ಆಂಬುಲೆನ್ಸಿಗೆ ಫೋನ್ ಹಚ್ಚಿರುತ್ತೇನೆ, ಅದೇ ಸಾರನ್ನು ಬೋಟಿನಲ್ಲಿ ಇನ್ನು ಯಾರು ಉಂಡಿದ್ದಾರೆಂದು ಬೋಟು ನಡೆಸುವ ತಾಂಡೇಲನನ್ನು ವಿಚಾರಿಸುತ್ತೇನೆ.